ಗಡಿಗೆಯ ತಳದಲ್ಲಿ ಉಳಿದ ದೇವರು

ನಮ್ಮ ಸೋದರತ್ತೆಯಂಥ ಭಕ್ತೆಯನ್ನು ಚಿತ್ರದುರ್ಗದ ಸೀಮೆಯಲ್ಲೇ ನಾನು ಇನ್ನೊಬ್ಬಳನ್ನು ಕಂಡಿಲ್ಲ. ಅವಳು ಒಬ್ಬ ಸ್ಕೂಲ್ ಇನ್‌ಸ್ಪೆಕ್ಟರಿಗೆ ಮಂಗಳಾರತಿ ಎತ್ತಿದ್ದಾಳೆ. ದಾವಣಗೆರೆಗೆ ಹೋಗಬೇಕಾಗಿದ್ದ ಹತ್ತಿ ಮೂಟೆಗಳಿಗೆ ಎತ್ತಿದ್ದಾಳೆ. ಒಬ್ಬ ಕುರಿಗಳ್ಳನಿಗಂತೂ ಹೋಳಿಗೆಯ ನೈವೇದ್ಯ ಸಮೇತ ಎತ್ತಿದ್ದಾಳೆ! ದೇವರಿಗೆ ಎತ್ತಿದ್ದಳೇ ಎಂದು ಕೇಳುತ್ತೀರಾ? ಅದನ್ನೇ ಹೇಳಲು ಹೊರಟಿದ್ದೇನೆ, ಸ್ವಲ್ಪ ತಾಳಿ.

ನಮ್ಮೂರು ಚಿತ್ರದುರ್ಗದಿಂದ ಹೊಳಲ್ಕೆರೆಗೆ ಹೋಗುವ ಗಾಡಿದಾರಿಯಲ್ಲಿ, ಯಾವ ಕಡೆಯಿಂದ ಹೊರಟರೂ ಬೇಸರ ಬರುವಷ್ಟು ದೂರದಲ್ಲಿದೆ. ಊರ ನಡುವೆ ಒಂದು ಕಲ್ಲುಗುಡಿ. ಪಾಳೇಗಾರರ ಕಾಲದ್ದು ಎಂದು ಕೆಲವರು, ಅದಕ್ಕೂ ಹಿಂದಿನದು ಎಂದು ಕೆಲವರು. ಬಾಗಿಲವಾಡದ ಮೇಲೆ ಕಣ್ಣು ಮುಚ್ಚಿ ಕೂತ ಒಂದು ಬತ್ತಲೆ ಮೂರ್ತಿ ಇತ್ತು. ದುರ್ಗದಿಂದ ಬಂದಿದ್ದ ಒಬ್ಬ ಪಂಡಿತರು ಅದನ್ನು ನೋಡಿ, ಇದು ಜಿನಮೂರ್ತಿ, ಮೊದಲು ಇಲ್ಲಿ ಬಸದಿ ಇತ್ತು ಎಂದು ಹೇಳಿಹೋದರು. ನಮ್ಮವರು ಒಪ್ಪುವ ಜನವೇ? ಮೂರ್ತಿಯ ಹಣೆಗೆ ಮೂರು ಬೆರಳು ವಿಭೂತಿ ಬಳಿದು, ‘ತಪಸ್ಸಿಗೆ ಕುಂತ ಶಿವಪ್ಪ’ ಎಂದು ಹೆಸರಿಟ್ಟು ಮಾತು ಮುಗಿಸಿದರು. ನವಾಬರ ಕಾಲದಲ್ಲಿ ಅದೇ ಗುಡಿಯೊಳಗೆ ತೋಪಿನ ಮದ್ದು ತುಂಬಿದ್ದರಂತೆ. ಅಂತೂ ಬಾಡಿಗೆದಾರರು ಬದಲಾಗುವುದು ಆ ಕಟ್ಟಡಕ್ಕೆ ಹೊಸದಲ್ಲ.

ನಮ್ಮ ಕಾಲಕ್ಕೆ ಅಲ್ಲಿ ಈಶ್ವರಲಿಂಗವಿತ್ತು, ಪ್ಲೇಗು ಬರುವವರೆಗೆ. ಆ ವರ್ಷ ಮನೆಮನೆಯಲ್ಲೂ ಇಲಿ ಸತ್ತು ಬಿದ್ದವು, ಊರಿಗೆ ಊರೇ ಬಯಲಿಗೆ ಹೋಗಿ ಗುಡಿಸಲು ಹಾಕಿಕೊಂಡಿತು. ಊರು ಬಿಡುವಾಗ ದೇವರನ್ನು ಬಿಟ್ಟು ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ನೆಟ್ಟ ಲಿಂಗವನ್ನು ಗಾಡಿಗೆ ಹೇರುವುದು ಹೇಗೆ? ಅದಕ್ಕೆ ಶಾಸ್ತ್ರದಲ್ಲೇ ಉಪಾಯವುಂಟು. ಮಂತ್ರ ಹೇಳಿ ಲಿಂಗದೊಳಗಿನ ಶಕ್ತಿಯನ್ನು ಒಂದು ಕಲಶದ ನೀರಿಗೆ ಇಳಿಸಿಕೊಳ್ಳುವುದು, ಕಲಶವನ್ನು ಹೊತ್ತುಕೊಂಡು ಹೋಗುವುದು, ಊರಿಗೆ ಮರಳಿದ ಮೇಲೆ ತಿರುಗಿ ಲಿಂಗದ ಮೇಲೆ ಸುರಿಯುವುದು. ಶಾಸ್ತ್ರಿಗಳನ್ನು ಕರೆಸಿ ಹಾಗೆಯೇ ಮಾಡಿದರು. ಗಂಟೆ, ಜಾಗಟೆ, ದೀಪದ ಕಂಬ, ಆರತಿ ತಟ್ಟೆ ಎಲ್ಲವೂ ಕಲಶದ ಹಿಂದೆ ಮೆರವಣಿಗೆಯಲ್ಲಿ ಹೋದವು.

ಪ್ಲೇಗು ಹೋಯಿತು, ಜನ ಮರಳಿ ಬಂದರು. ದೇವರು ಮಾತ್ರ ಬರಲಿಲ್ಲ! ಗೌಡರೂ ಹಿರಿಯರೂ ಸೇರಿ, ಹಳೆಯ ಗುಡಿಗೆ ದೋಷ ತಟ್ಟಿದೆ ಎಂದು ಊರ ಹೊರಗೆ ಹೊಸ ಗುಡಿ ಕಟ್ಟಿಸಿ, ಹೊಸ ಲಿಂಗ ನಿಲ್ಲಿಸಿ, ಕಲಶದ ನೀರನ್ನು ಅದರ ಮೇಲೆ ಸುರಿಸಿಬಿಟ್ಟರು. ಹಳೆಯ ಲಿಂಗವನ್ನು ಕಿತ್ತು ಕೆರೆಗೆ ಬಿಟ್ಟರು. ದೋಷವೇನು ಎಂದರೆ ಒಬ್ಬರು ಕಲ್ಲು ಬಿರಿದಿದೆ ಎಂದರು, ಇನ್ನೊಬ್ಬರು ದಿಕ್ಕು ಸರಿಯಿಲ್ಲ ಎಂದರು. ಅಷ್ಟು ವರ್ಷ ಸರಿಯಾಗಿದ್ದ ದಿಕ್ಕು ಇದ್ದಕ್ಕಿದ್ದಂತೆ ಕೆಟ್ಟದ್ದು ಹೇಗೋ! ನಾನಾಗ ದುರ್ಗದಲ್ಲಿ ಓದುತ್ತಿದ್ದೆ. ದೊಡ್ಡವರ ಮಾತು, ಇರಬಹುದು ಎಂದುಕೊಂಡೆ.

ಅದೇ ಪ್ಲೇಗಿನಲ್ಲಿ ಊರಲ್ಲೇ ಬೇರೆ ಮನೆಯಲ್ಲಿದ್ದ ಅತ್ತೆಯ ಗಂಡ, ಅಂದರೆ ನನ್ನ ಮಾವ, ತೀರಿಕೊಂಡಿದ್ದರು. ಬಯಲಿನ ಗುಡಿಸಲಲ್ಲಿ ಎಂದು ದುರ್ಗಕ್ಕೆ ನನಗೆ ಸುದ್ದಿ ಬಂದಿತ್ತು. ಮಾವ ಎಂದರೆ ಬಾಗಿಲಿಗೆ ತಲೆ ತಗಲುವಂಥ ಆಳು. ಕೆರಳಿದ ಹೋರಿಯನ್ನು ಕೊಂಬು ಹಿಡಿದು ನಿಲ್ಲಿಸಿದವರು. ಆದರೆ ಕತ್ತಲೆಂದರೆ ಮಾತ್ರ ಕೈಕಾಲು ತಣ್ಣಗೆ! ಹೊತ್ತು ಮುಳುಗಿದ ಮೇಲೆ ಹಿತ್ತಲಿಗೆ ಹೋಗಬೇಕಾದರೆ ಅತ್ತೆ ಮುಂದೆ ಬುಡ್ಡಿ ಹಿಡಿದು ನಡೆಯಬೇಕು, ಮಾವ ಹಿಂದೆ ಕೆಮ್ಮುತ್ತ ಬರಬೇಕು. ಊರಿನ ಜನಕ್ಕೆ ಇದೊಂದು ತೀರದ ತಮಾಷೆಯಾಗಿತ್ತು.

ಮಕ್ಕಳಿಲ್ಲದ ಅತ್ತೆ ನಮ್ಮ ಮನೆಗೇ ಬಂದು ಸೇರಿದಳು. ಬಂದ ಸಂಜೆಯೇ ಸೆರಗಿನ ಮರೆಯಲ್ಲಿ ಹಣತೆ ಹಿಡಿದುಕೊಂಡು ಹಳೆಯ ಗುಡಿಗೆ ಹೊರಟಳು. ಕಟ್ಟೆಯ ಮೇಲೆ ಕೂತಿದ್ದ ಗೌಡರು ತಡೆದರು.

“ಎಲ್ಲಿಗವ್ವ? ದೇವ್ರು ಈಗ ಹೊಸ ಗುಡಿಯಾಗೆ ಅದಾನೆ. ಅಲ್ಲೇನೈತೆ?”

“ಗೌಡ್ರೇ, ನೀವು ಯಾವತ್ತಾದ್ರೂ ತುಪ್ಪದ ಗಡಿಗೆ ಬಗ್ಗಿಸೀರೇನು?”

“ಅದು ಹೆಂಗಸ್ರ ಕೆಲ್ಸ.”

“ಅದ್ಕೇ ನಿಮಗೆ ಗೊತ್ತಿಲ್ಲ. ಎಷ್ಟು ಬಗ್ಗಿಸಿದ್ರೂ ತಳದಾಗೆ ಒಂದಿಷ್ಟು ಅಂಟ್ಕಂಡೇ ಇರ್ತೈತೆ. ಶಾಸ್ತ್ರಿಗಳು ಕಲಶದಾಗೆ ತುಂಬ್ಕಂಡು ಹೋಗಿದ್ದು ಮೇಲಿಂದು. ತಳದಾಗೆ ಉಳಿದೋನಿಗೆ ದೀಪ ಬ್ಯಾಡೇನು?”

ಗೌಡರು ರುಮಾಲು ಸರಿಮಾಡಿಕೊಂಡು ಎದ್ದುಹೋದರು. ಅತ್ತೆಯ ಮಾತಿಗೆ ಗೌಡರೇ ಸೋತರು ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಕ್ಕೆವು. ಅವಳ ಕೊರಳಲ್ಲಿ ನಮ್ಮೆಲ್ಲರ ಹಾಗೆ ಕಟ್ಟಿಕೊಂಡ ಲಿಂಗವಿತ್ತು. ನಮ್ಮವ್ವ ಒಮ್ಮೆ, “ಕೊರಳಾಗೆ ಒಬ್ಬ ಶಿವ ಅದಾನಲ್ಲ, ಅವನೊಬ್ಬ ಸಾಲದೇನು ನಿನಗೆ?” ಎಂದು ಕೇಳಿದ್ದಕ್ಕೆ, “ಇವನಿಗೆ ನಾನದೀನಿ. ಅಲ್ಲಿರೋನಿಗೆ ಯಾರದಾರೆ?” ಎಂದಳು.

ಅವಳ ಪಟ್ಟು ಇಷ್ಟೇ. ಹೊತ್ತು ಮುಳುಗಿದ ಮೇಲೆ ಆ ಗರ್ಭಗುಡಿ ಒಂದು ದಿನವೂ ಕತ್ತಲಲ್ಲಿ ಇರಕೂಡದು. ಒಳಗೆ ಏನಿದೆ, ಯಾರಿದ್ದಾರೆ ಎಂಬುದು ಅವಳ ಲೆಕ್ಕಕ್ಕಿಲ್ಲ. ತಮಾಷೆಯೆಲ್ಲ ಹುಟ್ಟಿದ್ದು ಇಲ್ಲಿಂದಲೇ. ಇಡೀ ಕಟ್ಟಡದಲ್ಲಿ ಕದ, ಅಗುಳಿ ಎಂದು ಇದ್ದದ್ದು ಗರ್ಭಗುಡಿಗೆ ಮಾತ್ರ. ಆದ್ದರಿಂದ ಯಾರು ಬಂದು ಒಕ್ಕಲಾದರೂ ತಮ್ಮ ಬಹಳ ಮುಖ್ಯವಾದ ವಸ್ತುವನ್ನು ಅಲ್ಲೇ ಇಡುತ್ತಿದ್ದರು!

ಮೊದಲು ಬಂದದ್ದು ಸರ್ಕಾರಿ ಶಾಲೆ. ಮೇಷ್ಟರಾಗಿ ಬಂದವನು ನಾನೇ. ಕಂಬಕ್ಕೊಬ್ಬರಂತೆ ಮಕ್ಕಳು ಒರಗಿ ಕೂತು ಮಗ್ಗಿ ಹೇಳುತ್ತಿದ್ದರು. ಕಂಬದ ಮೇಲಿನ ನರ್ತಕಿಯರು ಮಗ್ಗಿಗೆ ಹೆಜ್ಜೆ ಹಾಕುತ್ತಿದ್ದಂತೆ ಕಾಣುತ್ತಿತ್ತು. ಗರ್ಭಗುಡಿಯಲ್ಲಿ ಲಿಂಗ ಕಿತ್ತ ಖಾಲಿ ಪೀಠದ ಮೇಲೆ ನನ್ನ ಶಾಯಿಕುಡಿಕೆ, ಭೂಪಟ, ಬೆತ್ತ. ದಿನಾ ಸಂಜೆ ಅತ್ತೆ ಬಂದು ಬೆತ್ತಕ್ಕೆ ಆರತಿ ಎತ್ತಿ ಹೋಗುತ್ತಿದ್ದಳು. ಮಕ್ಕಳಿಗೆ ಬೆತ್ತದ ಮೇಲೆ ಭಯದ ಜೊತೆ ಭಕ್ತಿಯೂ ಬಂದದ್ದು ಶಾಲೆಗೆ ಆದ ಲಾಭ.

ಒಂದು ದಿನ ಇನ್‌ಸ್ಪೆಕ್ಟರು ಬಂದರು. ಮೈಸೂರಿನ ಕಡೆಯವರು, ಹಣೆಯಲ್ಲಿ ಎದ್ದುಕಾಣುವ ನಾಮ, ಕಾಲಲ್ಲಿ ಬೂಟು. ನಮ್ಮ ಬಿಸಿಲಿಗೆ ಬೆಂದುಹೋಗಿದ್ದರು. ತಂಪಾಗಿದೆ ಎಂದು ಕುರ್ಚಿಯನ್ನು ಗರ್ಭಗುಡಿಯೊಳಗೇ ಹಾಕಿಸಿಕೊಂಡು ನನ್ನ ಹಾಜರಿ ಪುಸ್ತಕ ತಿರುವುತ್ತ ಕೂತರು. ಸಂಜೆಯಾಯಿತು. ಅತ್ತೆ ಬರುವ ಹೊತ್ತಾಯಿತೆಂದು ನಾನು ಬಾಗಿಲ ಕಡೆಗೇ ನೋಡತೊಡಗಿದೆ. ಕೈಗಂಟೆಯ ಸದ್ದು ಕೇಳಿತು. ಅತ್ತೆ ಬಂದೇಬಿಟ್ಟಳು.

“ಬೂಟು ಬಿಚ್ರಿ ಸ್ವಾಮಿ” ಎಂದಳು.

“ಏನಮ್ಮ, ನಾನು ಯಾರು ಗೊತ್ತೆ?” ಎಂದರು ಅವರು.

“ಯಾರಾದ್ರೂ ಆಗ್ರಿ. ಒಳಗೆ ಕುಂತೀರಲ್ಲ, ಬಿಚ್ರಿ.”

ಆ ದನಿಯಲ್ಲಿ ಏನಿತ್ತೋ, ಇನ್‌ಸ್ಪೆಕ್ಟರು ಬಗ್ಗಿ ಬೂಟಿನ ದಾರ ಬಿಚ್ಚಿದರು! ಅತ್ತೆ ಹಣತೆ ಹಚ್ಚಿಟ್ಟು, ಅವರ ಮುಖಕ್ಕೆ ಮೂರು ಸುತ್ತು ಆರತಿ ಎತ್ತಿ, ಬೇಡ ಬೇಡ ಎನ್ನುವಷ್ಟರಲ್ಲಿ ಹಣೆಗೆ ವಿಭೂತಿ ಎಳೆದೇಬಿಟ್ಟಳು. ನಾಮದ ಮೂರು ಗೆರೆ ಉದ್ದಕ್ಕೆ, ವಿಭೂತಿಯ ಮೂರು ಗೆರೆ ಅಡ್ಡಕ್ಕೆ. ಅವರ ಹಣೆ ನಮ್ಮ ಮಕ್ಕಳ ಲೆಕ್ಕದ ಹಲಗೆಯ ಹಾಗೆ ಮನೆಮನೆಯಾಯಿತು. ನಾನು ಕೆಲಸ ಹೋಯಿತೆಂದೇ ನಿಂತಿದ್ದೆ. ಅವರು ಬೂಟು ಕೈಗೆತ್ತಿಕೊಂಡು ಹೊರಗೆ ಬಂದು, “ಮೇಷ್ಟ್ರೇ, ಈ ಶಾಲೆಗೆ ಬೇರೆ ಕಟ್ಟಡ ಬೇಕು ಅಂತ ನಾನೇ ಮೇಲಕ್ಕೆ ಬರೀತೀನಿ” ಎಂದರು. ಎಷ್ಟು ಅರ್ಜಿ ಹಾಕಿದರೂ ಸಿಕ್ಕದಿದ್ದ ಕಟ್ಟಡ ಒಂದು ಆರತಿಗೆ ಸಿಕ್ಕಿತು!

ಶಾಲೆ ಹೋಯಿತು, ಹತ್ತಿ ಬಂತು. ನಮ್ಮೂರಿನ ಸಾಹುಕಾರ ಗುಡಿಯನ್ನು ಬಾಡಿಗೆಗೆ ಹಿಡಿದು ನಡುವೆ ಓಡಾಡಲು ಮಾತ್ರ ದಾರಿ ಬಿಟ್ಟು ನೆಲದಿಂದ ಸೂರಿನವರೆಗೆ ಮೂಟೆ ಒಟ್ಟಿದ. ಗರ್ಭಗುಡಿಯಲ್ಲಿ ಒಳ್ಳೆಯ ಮಾಲು. ಸಂಜೆ ಹಣತೆಯೊಂದಿಗೆ ಬಂದ ಅತ್ತೆಯನ್ನು ಕಂಡು ಅವನ ಜೀವ ಬಾಯಿಗೆ ಬಂತು.

“ಅವ್ವಾ, ನಿಮ್ಮ ಕಾಲಿಗೆ ಬೀಳ್ತೀನಿ! ಹತ್ತಿ ಐತೆ ಒಳಗೆ. ಒಂದು ಕಿಡಿ ಬಿತ್ತಂದ್ರೆ ನಾನು ಬೂದಿ ಬಳ್ಕಂಡು ಕಾಶಿಗೆ ಹೋಗ್ಬೇಕು.”

ಹತ್ತಿಗೂ ಬೆಂಕಿಗೂ ಆಗದು ಎಂಬುದನ್ನು ಅತ್ತೆಯೂ ಬಲ್ಲಳು. ನಾವೆಲ್ಲ, ಸದ್ಯ, ಇಲ್ಲಿಗೆ ಈ ಹುಚ್ಚು ನಿಂತಿತು ಎಂದುಕೊಂಡೆವು. ಅವಳು ಹಣತೆ ಆರಿಸಿ, ಗರ್ಭಗುಡಿಯ ಹೊಸ್ತಿಲ ಹೊರಗೆ ಕೂತು, ಮೂಟೆಗಳ ಕಡೆ ಮುಖ ಮಾಡಿ ಮಾತಾಡಲು ಶುರುಮಾಡಿದಳು!

“ದೀಪ ಇಲ್ದಿದ್ರೆ ಮಾತಾದ್ರೂ ಇರ್ಲಿ. ಕತ್ತಲಾಗೆ ಒಂದು ದನಿ ಕೇಳಿದ್ರೆ ಧೈರ್ಯ” ಎಂದು ನನಗೆ ಹೇಳಿದಳು. ಆಮೇಲೆ ಮೂಟೆಗಳಿಗೆ ಊರಿನ ವರ್ತಮಾನ. ಯಾರ ಎಮ್ಮೆ ಈಯಿತು, ಯಾರ ಸೊಸೆ ತವರಿಗೆ ಹೋದಳು, ಭರಮಸಾಗರದ ಕೆರೆಗೆ ಎಷ್ಟು ನೀರು ಬಂತು. ದಿನಾ ಹೊಸ ಸುದ್ದಿ ಬೇಕಲ್ಲ, ಕೆಲವು ದಿನಕ್ಕೆ ಸಾಹುಕಾರನ ಮನೆಯ ಸರದಿ ಬಂತು.

“ಕೇಳಿದ್ರಾ? ಸಾಹುಕಾರ ಸೋಮವಾರ ಉಪವಾಸ ಅಂತ ಊರಿಗೆಲ್ಲ ಹೇಳ್ಯಾನೆ. ಹಿತ್ತಲಾಗೆ ನಿಂತು ಕಡುಬು ತಿಂತಾನಂತೆ. ಅವನ ಹೆಂಡ್ತಿನೇ ಬಾವಿಕಟ್ಟೆ ಮೇಲೆ ಹೇಳಿದ್ಲು. ಇನ್ನೊಂದು. ತೂಕ ಬರ್ಲಿ ಅಂತ ಹತ್ತಿಗೆ ನೀರು ಚಿಮುಕಿಸ್ತಾನಂತೆ. ನಿಮ್ಮ ತಲಿ ಮೇಲೂ ಚಿಮುಕಿಸಿರ್ಬೇಕು. ಬೇಜಾರು ಮಾಡ್ಕಬ್ಯಾಡ್ರಿ, ಅಭಿಷೇಕ ಅಂತ ತಿಳ್ಕಳ್ರಿ.”

ಅವಳು ಇದನ್ನು ಹೇಳುವ ಹೊತ್ತಿಗೆ ದಾವಣಗೆರೆಯ ವ್ಯಾಪಾರಿಗಳು ಮಂಟಪದಲ್ಲೇ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಮರುದಿನ ಬೆಳಿಗ್ಗೆ ಸಾಹುಕಾರ ತಾನೇ ನಿಂತು, ಗರ್ಭಗುಡಿಯ ಎದುರಿನ ಗೋಡೆಯ ಗೂಡನ್ನು ಗುಡಿಸಿ, ಮರಳು ಹಾಸಿ, ಒಂದು ಗಾಜಿನ ಬುರುಡೆ ತರಿಸಿಟ್ಟ. “ಅವ್ವಾ, ದೀಪ ಇಲ್ಲಿ ಹಚ್ರಿ, ಬೆಳಕು ಒಳಗೆ ಬೀಳ್ತೈತೆ. ಮಾತು ಮಾತ್ರ ಬ್ಯಾಡ” ಎಂದು ಕೈಮುಗಿದ. ಅತ್ತೆ ಗೆದ್ದಳೆಂದು ಊರೆಲ್ಲ ನಕ್ಕಿತು. ಅವಳು ಮಾತ್ರ ನಗಲಿಲ್ಲ. ಅಲ್ಲಿಂದಲೇ ಮೂಟೆಗಳಿಗೆ ಆರತಿ ಎತ್ತಿ, ಬೆಳಕು ಒಳಗೋಡೆಯವರೆಗೂ ಬೀಳುತ್ತದೆಯೇ ಎಂದು ಬಗ್ಗಿ ಬಗ್ಗಿ ನೋಡಿದಳು.

ಹತ್ತಿಯ ನಂತರ ಪೊಲೀಸ್ ಠಾಣೆ. ಈಗ ಗರ್ಭಗುಡಿಯಲ್ಲಿ ಯಾರಿರುತ್ತಾರೆ, ನೀವೇ ಹೇಳಿ! ಕದ ತೆಗೆದು ಕಬ್ಬಿಣದ ಸರಳು ಹಾಕಿದರು. ದಫೇದಾರರು ಸಾಬರು, ದೈವಭಕ್ತರು, ಕಾನೂನಿನಲ್ಲಿ ಮಾತ್ರ ಬಲು ಬಿಗಿ. “ಅಮ್ಮಾ, ಕೈದಿ ಹತ್ರ ಯಾರೂ ಹೋಗೋ ಹಂಗಿಲ್ಲ, ಹುಕುಂ ಇಲ್ಲ” ಎಂದರು.

“ದಫೇದಾರಪ್ಪ, ಹೊತ್ತು ಮುಳುಗಿದಾಗ ನೀವೇನು ಮಾಡ್ತೀರಿ?”

“ನಮಾಜು ಮಾಡ್ತೀನಿ.”

“ಅದ್ಕೆ ಯಾರ ಹುಕುಂ ತಗಂತೀರಿ?”

ದಫೇದಾರರು ಗಡ್ಡ ಸವರಿಕೊಂಡು, “ಸರಳಿನ ಆಚೆ ಕೈ ಹಾಕಬ್ಯಾಡ್ರಿ, ಅಷ್ಟೇ” ಎಂದರು. ಅಂದಿನಿಂದ ಆ ಗುಡಿಯ ಒಂದು ಮೂಲೆಯಲ್ಲಿ ನಮಾಜು, ಇನ್ನೊಂದು ಕಡೆ ಮಂಗಳಾರತಿ, ಎರಡೂ ಒಂದೇ ಹೊತ್ತಿಗೆ. ಬಾಗಿಲವಾಡದ ಮೇಲಿನ ಜಿನಪ್ಪನೋ ಶಿವಪ್ಪನೋ, ಕಣ್ಣು ಮುಚ್ಚಿಕೊಂಡೇ ಇದ್ದ.

ಮೊದಲು ಸಿಕ್ಕಿದ ಕೈದಿ ಆ ಕುರಿಗಳ್ಳ. ಅತ್ತೆ ಗಂಟೆ ಬಾರಿಸಿ ಆರತಿ ಎತ್ತಿದಾಗ ಅವನು ಪಾಪ, ಎಲ್ಲರಂತೆ ಸರಳಿನೊಳಗಿಂದ ಕೈ ಚಾಚಿ ಆರತಿ ತೆಗೆದುಕೊಳ್ಳಲು ಹೋದ.

“ನೀನು ತಗಳ್ಳೋದಲ್ಲಪ್ಪ. ನೀನು ಒಳಗಿರೋನು. ಸುಮ್ನೆ ಕುಂತ್ಕ” ಎಂದಳು ಅತ್ತೆ. ಅವನು ಗಾಬರಿಯಾಗಿ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟ. ಸೋಮವಾರ ಹೋಳಿಗೆ, ಉಳಿದ ದಿನ ಮುದ್ದೆ ಸಾರು. ಕದ್ದು ತಿಂದದ್ದಕ್ಕಿಂತ ಹೆಚ್ಚನ್ನು ಅವನು ಸಿಕ್ಕಿಬಿದ್ದು ತಿಂದ. ಬಿಡುಗಡೆಯಾದ ಮೇಲೆ ಒಂದು ಸೋಮವಾರ ಸಂಜೆ ಠಾಣೆಗೆ ತಾನಾಗಿ ಬಂದು, “ದಫೇದಾರ್ರೇ, ಒಂದೊಪ್ಪತ್ತು ಒಳಗೆ ಕೂಡ್ರಿಸ್ರಿ, ನಾಳೆ ಹೋಗ್ತೀನಿ” ಎಂದು ಅಂಗಲಾಚಿದ. ದಫೇದಾರರು ಬೆತ್ತ ತೋರಿಸಿ ಓಡಿಸಿದರೆ, ಅತ್ತೆ ಅವರ ಮೇಲೆಯೇ ರೇಗಿದಳು. ಅವತ್ತು ಒಳಗೆ ಯಾರೂ ಇರಲಿಲ್ಲವಂತೆ, ಇದ್ದಿದ್ದರೆ ಜೊತೆಯಾಗುತ್ತಿತ್ತಂತೆ! ಯಾರಿಗೆ ಜೊತೆ ಎಂದು ನಾವು ಯಾರೂ ಕೇಳಲಿಲ್ಲ. ಹುಚ್ಚಿಗೆ ಪ್ರಶ್ನೆ ಕೇಳುವವರುಂಟೇ?

ಜರ್ಮನಿಯ ಯುದ್ಧ ಮುಗಿಯುವ ಹೊತ್ತಿಗೆ ಬಂತಲ್ಲ ಆ ಜ್ವರ, ಅದು ನಮ್ಮೂರನ್ನೂ ಬಿಡಲಿಲ್ಲ. ಮನೆಗೆ ಇಬ್ಬರು ಮೂವರು ಮಲಗಿದರು. ಠಾಣೆಯನ್ನು ಬೇರೆ ಊರಿಗೆ ಕಳಿಸಿ, ಅಮಲ್ದಾರರು ಗುಡಿಯನ್ನೇ ಆಸ್ಪತ್ರೆ ಮಾಡಿಸಿದರು. ಕಂಬಗಳ ನಡುವೆ ಹುಲ್ಲು ಹಾಸಿ, ಮೇಲೆ ಚಾಪೆ. ಕಾಂಪೌಂಡರ್ ಒಬ್ಬ ಬಂದು ಎಲ್ಲರಿಗೂ ಒಂದೇ ಬಾಟಲಿಯಿಂದ ಒಂದೇ ಬಣ್ಣದ ಕಹಿ ನೀರು ಕುಡಿಸುತ್ತಿದ್ದ. ನಾನೂ ಬಿದ್ದೆ. ಮೇಷ್ಟರು ಎಂಬ ಮರ್ಯಾದೆಗೆ ನನ್ನನ್ನು ಗರ್ಭಗುಡಿಯೊಳಗೆ ಮಲಗಿಸಿದರು.

ಸಂಜೆಯಾಯಿತು. ಹಗಲೆಲ್ಲ ಅಲ್ಲಿ ಪಾಠ ಹೇಳಿದವನು ನಾನು, ಬೆಳಕು ಆರಿದಾಗ ಆ ಕೋಣೆ ಹೇಗಿರುತ್ತದೆಂದು ನೋಡಿರಲಿಲ್ಲ. ಕಿಟಕಿಯಿಲ್ಲ, ಗಾಳಿಯಿಲ್ಲ. ಕಣ್ಣು ತೆರೆದರೂ ಮುಚ್ಚಿದರೂ ಒಂದೇ. ಹೆದರಿಕೆಯಾಯಿತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಅಷ್ಟರಲ್ಲಿ ಗಂಟೆ ಕೇಳಿತು. ಹಣತೆಯ ಹಿಂದೆ ಅತ್ತೆಯ ಮುಖ. ಪೀಠದ ಮೇಲೆ ದೀಪ ಇಟ್ಟಳು, ನನ್ನ ಮುಖಕ್ಕೆ ಆರತಿ ಎತ್ತಿದಳು.

“ಬ್ಯಾಡ ಅತ್ತೆ, ಜನ ನಗ್ತಾರೆ.”

“ನಗ್ಲಿ ಬಿಡು. ನೀನು ಒಳಗಿರೋನು.”

ಗಂಜಿ ಕುಡಿಸಿ, ಸೆರಗಿನಿಂದ ಬಾಯಿ ಒರೆಸಿದಳು. ಜ್ವರದ ತಲೆ, ಇಷ್ಟು ವರ್ಷ ಕೇಳದ್ದನ್ನು ಕೇಳಿಬಿಟ್ಟಿತು. “ಅತ್ತೆ, ತಳದಾಗೆ ಉಳಿದ ದೇವ್ರು ನಿಜವಾಗ್ಲೂ ಇಲ್ಲಿ ಅದಾನೇನು?”

“ದೇವ್ರ ವಿಚಾರ ನನಗೇನು ಗೊತ್ತೋ ಅಳಿಯಪ್ಪ? ಅವನು ಕಲಶದಾಗೆ ಹೋದ. ಇಲ್ಲಿ ಉಳಿದೋರು ನಿಮ್ಮ ಮಾವ.”

ಅವಳು ಬತ್ತಿ ಸರಿಮಾಡುತ್ತ ಹೇಳಿದಳು. “ಊರು ಬಿಡೋ ದಿನಾನೇ ಅವರ ಕಂಕುಳಾಗೆ ಗಡ್ಡೆ ಎದ್ದಿತ್ತು. ನನಗೆ ಹೇಳ್ಲಿಲ್ಲ. ‘ನೀನು ಗಾಡಿ ಹತ್ತು, ಮನಿಗೆ ಬೀಗ ಹಾಕಿ ಹಿಂದಿಂದ ಬರ್ತೀನಿ’ ಅಂದ್ರು. ಬಯಲಿಗೆ ಬಂದ್ರೆ ನಮಗೆಲ್ಲ ಅಂಟ್ತೈತೆ ಅಂತ ಇಲ್ಲಿ ಬಂದು ಕದ ಮುಂದ್ಕೆ ಮಾಡ್ಕಂಡು ಕುಂತ್ಬಿಟ್ರು. ಒಂದು ಬೀಗ ಹಾಕಾಕೆ ಇಷ್ಟು ಹೊತ್ತೇ ಅಂತ ನಾನು ಬಯ್ಕಂತ ದಾರಿ ಕಾಯ್ತಿದ್ದೆ. ಗೌಡ್ರು ಹುಡುಕ್ಕಂಡು ಬಂದಾಗ ಎಲ್ಲಾ ಮುಗಿದಿತ್ತು. ಗರ್ಭಗುಡಿಯಾಗೆ ಸಾವಾತು ಅಂತ ಗೊತ್ತಾದ್ರೆ ಊರು ಹೆದರ್ತೈತೆ, ಬಯಲಾಗೆ ಸತ್ರು ಅನ್ನಾಣ ಅಂದ್ರು. ದೇವ್ರು ಅದ್ಕೇ ತಿರುಗಿ ಬರ್ಲಿಲ್ಲ.”

ಹಣತೆಗೆ ಇನ್ನಷ್ಟು ಎಣ್ಣೆ ಹನಿಸಿದಳು. “ದೀಪ ಎಲ್ಲಾ ಕಲಶದ ಹಿಂದೆ ಹೋಗಿದ್ವು ಕಣೋ. ಒಂದು ಬತ್ತೀನೂ ಇರ್ಲಿಲ್ಲ ಇಲ್ಲಿ. ನಿಮ್ಮ ಮಾವನಿಗೆ ಕತ್ತಲಂದ್ರೆ ಹೆಂಗೆ ಅಂತ ನಿನಗೂ ಗೊತ್ತಲ್ಲ.”

ಊರೆಲ್ಲ ಹೇಳಿಕೊಂಡು ನಕ್ಕಿದ್ದ ತಮಾಷೆ ಅದು. ನಾನೂ ನಕ್ಕವನೇ. ಅವತ್ತು ನನಗೆ ಅಳು ಬಂತು. ಅತ್ತೆ ಜ್ವರ ಏರಿತೆಂದು ತಿಳಿದು ಕಾಂಪೌಂಡರನನ್ನು ಕೂಗಿದಳು. ಅವನು ಬಂದು ಅದೇ ಕಹಿ ನೀರು ಕುಡಿಸಿದ.

ನಾನು ಗುಣವಾಗಿ ಎದ್ದೆ. ಅತ್ತೆಯನ್ನು ಜ್ವರ ಮುಟ್ಟಲಿಲ್ಲ. ಆಮೇಲೆ ಗುಡಿ ಸೀಮೆಎಣ್ಣೆ ವ್ಯಾಪಾರಿಯ ಕೈಗೆ ಹೋಯಿತು. ಗರ್ಭಗುಡಿಯ ತುಂಬ ಡಬ್ಬಗಳು. ಸುತ್ತಲಿನ ಹಳ್ಳಿಗೆಲ್ಲ ಬೆಳಕು ಕೊಡುವ ಎಣ್ಣೆ ಅಲ್ಲೇ, ದೀಪ ಮಾತ್ರ ಅಲ್ಲಿ ಹಚ್ಚುವ ಹಾಗಿಲ್ಲ! ಹೊರಗಿನ ಗೂಡಿನಲ್ಲೂ ಬೇಡವೆಂದು ವ್ಯಾಪಾರಿ ಖಡಾಖಂಡಿತವಾಗಿ ಹೇಳಿಬಿಟ್ಟ. ಅತ್ತೆಗೆ ಜಗಳವಾಡುವ ವಯಸ್ಸು ಮೀರಿತ್ತು. ಕ್ಷೀಣ ದನಿಯಲ್ಲಿ ಮತ್ತೆ ಮಾತಿನ ಸೇವೆ ಶುರುಮಾಡಿದಳು. ಒಂದು ಬೆಳಿಗ್ಗೆ ಮನೆಯಲ್ಲಿ, ಯಾವ ಜ್ವರವೂ ಇಲ್ಲದೆ, ಮಲಗಿದಲ್ಲೇ ತೀರಿಕೊಂಡಳು.

ಮಣ್ಣು ಮಾಡಿ ಬಂದ ಸಂಜೆ, ಎಲ್ಲರೂ ಜಗುಲಿಯಲ್ಲಿ ಕೂತಿದ್ದಾಗ, ನನ್ನ ಕಾಲು ತಾನಾಗಿ ಹಳೆಯ ಗುಡಿಯ ಕಡೆ ನಡೆಯಿತು. ವ್ಯಾಪಾರಿ ಸರಳಿನ ಬಾಗಿಲಿಗೆ ಬೀಗ ಹಾಕಲು ನಿಂತಿದ್ದ. ನನ್ನ ಕೈಯನ್ನು ನೋಡಿ, ಹಣತೆಯಿಲ್ಲವೆಂದು ಖಾತ್ರಿ ಮಾಡಿಕೊಂಡು, “ಕುಂತ್ಕಳ್ರಿ ಮೇಷ್ಟ್ರೇ” ಎಂದು ಆಚೆ ಸರಿದ.

ಅತ್ತೆ ಕೂರುತ್ತಿದ್ದ ಜಾಗದಲ್ಲೇ ಕೂತೆ. ಡಬ್ಬಗಳ ಮೇಲೆ ಕತ್ತಲು ಇಳಿಯುತ್ತಿತ್ತು. ಊರಿನ ವರ್ತಮಾನ ಹೇಳಬೇಕಲ್ಲ, ಏನು ಹೇಳುವುದು? ಇಡೀ ದಿನ ಊರಿನಲ್ಲಿ ನಡೆದದ್ದು ಒಂದೇ ಸಂಗತಿ.

“ಮಾವಾ, ನಾನು. ಅತ್ತೆ ನಿಮ್ಮ ಹತ್ರ ಬಂದು ಮುಟ್ಟಿದ್ಲೇನು?”